ಗುಲಾಬಿ ಕೆರೆಯ ಕಾವಲು

ಉಪ್ಪಿಗಿಂತ ರುಚಿಯಿಲ್ಲ, ತಾಯಿಗಿಂತ ಬಂಧುವಿಲ್ಲ ಎಂದ ಮಹಾನುಭಾವ ಓನೋಫ್ರೆಯ ಪಾಡು ಕಂಡಿರಲಿಲ್ಲ. ತೊರ್ರೆವಿಯೆಹಾ ಊರಿನ ಗುಲಾಬಿ ಬಣ್ಣದ ಉಪ್ಪುಕೆರೆಗೆ ನಿಷೇಧ ಮೀರಿ ಇಳಿಯುವ ಪ್ರವಾಸಿಗರನ್ನು ಸೀಟಿ ಊದಿ ಓಡಿಸುವುದು ಅವನ ಕೆಲಸ. ಕೆಲಸವೋ ಬೇಸಿಗೆ ಮುಗಿಯುವವರೆಗೆ ಮಾತ್ರ. ಖಾಯಂ ಮಾಡಬೇಕೋ ಬೇಡವೋ ಎಂದು ನೋಡಲು ಅಲಿಕಾಂತೆ ಪಟ್ಟಣದ ಕಚೇರಿಯಿಂದ ಹೊಸ ಸಾಹೇಬರು ಇವತ್ತೇ ಬರುವವರಿದ್ದರು. ಇವನ ಮುಖವನ್ನು ಅವರು ಕಂಡಿರಲಿಲ್ಲ.

ಕೆರೆಯ ನಡುವೆ ಅವನ ತಾಯಿ ತೋಮಾಸಾ ಅಂಗಾತ ತೇಲುತ್ತಿದ್ದಳು.

"ಅಮ್ಮಾ, ಮೇಲೆ ಬಾ. ನನ್ನ ಹೊಟ್ಟೆ ಮೇಲೆ ಹೊಡೀಬೇಡ."

"ಬರೋಕಾಗಿದ್ರೆ ಬರ್ತಿರ್ಲಿಲ್ವೇನೋ? ಮಂಡಿ ನೋವಿಗೆ ಒಳ್ಳೇದು ಅಂತ ಇಳಿದೆ. ಈಗ ಕಾಲು ಕೆಳಗೇ ಹೋಗ್ತಿಲ್ಲ."

ಆ ನೀರು ಹಾಗೆಯೇ. ಮುಳುಗಲೂ ಬಿಡದು, ನಿಲ್ಲಲೂ ಬಿಡದು. ಓನೋಫ್ರೆ ಸಮವಸ್ತ್ರ ಕಳಚಿಟ್ಟು ಚಡ್ಡಿಯಲ್ಲೇ ಇಳಿದ. ಬೆಳಿಗ್ಗೆಯಷ್ಟೇ ಗಡ್ಡ ಹೆರೆದ ಕೆನ್ನೆ ಧಗಧಗ ಉರಿಯಿತು. ತಾಯಿಯನ್ನು ಎಳೆದು ತಂದು ದಡ ಹತ್ತಿಸಿದ. ಅವಳು ಕಪ್ಪು ಅಂಗಿ ತೊಡುವಷ್ಟರಲ್ಲಿ ರಸ್ತೆಯಲ್ಲಿ ಕಾರಿನ ಧೂಳೆದ್ದಿತು. ತೋಮಾಸಾ ಮಗನ ಕೊರಳಿನ ಸೀಟಿಯನ್ನು ಕಿತ್ತುಕೊಂಡು, ಅವನನ್ನು ಮತ್ತೆ ನೀರಿಗೆ ನೂಕಿ, ಸಮವಸ್ತ್ರ ಕಾಣದಂತೆ ಅದರ ಮೇಲೆ ಕುಕ್ಕರಿಸಿದಳು.

"ಕಾವಲುಗಾರ ಎಲ್ಲಮ್ಮಾ?" ಎಂದರು ಸಾಹೇಬರು.

"ಆಚೆ ದಡದಲ್ಲಿ ಜನ ಓಡಿಸ್ತಿದಾನೆ ಸಾಹೇಬ್ರೇ. ನಾನು ಅವನ ತಾಯಿ. ಈ ಬಿಸಿಲಲ್ಲಿ ಒಂದು ತುತ್ತು ತಿಂದಿಲ್ಲ ಪಾಪ."

"ನೀರಲ್ಲಿರೋನು ಯಾರು?"

"ಯಾರೋ ಪರದೇಶಿ. ಎಷ್ಟು ಊದಿದ್ರೂ ಎದ್ದು ಬರಲ್ಲ. ಹೆತ್ತವರು ಬುದ್ಧಿ ಕಲಿಸಿಲ್ಲ."

ಅವಳು ಕೆನ್ನೆಯುಬ್ಬಿಸಿ ಸೀಟಿ ಊದಿದಳು. ಸಾಹೇಬರು ತಮಗೆ ಬಂದಷ್ಟು ಇಂಗ್ಲಿಷಿನಲ್ಲಿ ಬೈದರು. ಓನೋಫ್ರೆಗೆ ಬರುತ್ತಿದ್ದ ಇಂಗ್ಲಿಷ್ ಒಂದೇ ಮಾತು. "ಥ್ಯಾಂಕ್ಯೂ," ಎಂದ.

"ದಪ್ಪ ಚರ್ಮದವನು," ಎಂದರು ಸಾಹೇಬರು. "ಇಂಥವರ ಮಧ್ಯೆ ನಿಮ್ಮ ಮಗನಂಥವನು ಬೇಕಮ್ಮಾ. ತಾಯೀನೂ ಕೆಲಸಕ್ಕೆ ಹಚ್ಚಿದಾನಲ್ಲ. ಖಾಯಂ ಮಾಡಿಸ್ತೀನಿ, ಹೇಳಿ ಅವನಿಗೆ."

ಕಾರು ಮರೆಯಾದ ಮೇಲೆ ಓನೋಫ್ರೆ ಮೇಲೆ ಬಂದ. ಮೈತುಂಬ ಉಪ್ಪು ಕಟ್ಟಿ ಒಣಮೀನಿನಂತಾಗಿದ್ದ. ತಾಯಿಯ ಮೇಲೆ ಕೋಪ ಬರಬೇಕಿತ್ತು, ಬರಲಿಲ್ಲ. ಬಗ್ಗಿ ಅವಳ ಉಪ್ಪುಪ್ಪಾದ ಹಣೆಗೆ ಮುತ್ತಿಟ್ಟ.

"ಖಾಯಂ ಆಯ್ತಲ್ಲ ಮಗನೇ," ಎಂದಳು ತೋಮಾಸಾ, ಅಂಗಿಯ ಗುಂಡಿ ಬಿಚ್ಚುತ್ತಾ. "ಇನ್ನು ದಿನಾ ಧೈರ್ಯವಾಗಿ ಬರಬಹುದು. ಈ ಎಡಮಂಡಿ ಇನ್ನೂ ಸ್ವಲ್ಪ ಹಿಡೀತಿದೆ ನೋಡು."

ಅವಳು ನೀರಿನತ್ತ ನಡೆದಳು. ಓನೋಫ್ರೆ ಸೀಟಿಗಾಗಿ ಕೊರಳು ತಡಕಿದ. ಸೀಟಿ ಅವಳ ಕೊರಳಲ್ಲಿತ್ತು.