ಮಡಿಯಲ್ಲಿದ್ದವರ ವೋಟು

ಅಮೆರಿಕದ ನ್ಯೂಜೆರ್ಸಿಯಲ್ಲಿರುವ ಪಾರ್ಸಿಪನಿಯ ಹನುಮಪ್ಪನ ಗುಡಿ ಮೊದಲು ಟೈಲ್ಸ್ ಗೋಡೌನ್ ಆಗಿತ್ತು. ಮೂವತ್ತು ವರ್ಷದ ಹಿಂದೆ ಅರವತ್ತು ಸಂಸಾರಗಳು ಸೇರಿ ಅಲ್ಲಿ ಅವನನ್ನು ಕೂರಿಸಿದವು. ಅಂದೇ ಒಂದು ಕಟ್ಟಳೆಯನ್ನೂ ಬರೆದುಕೊಂಡವು: ಮನೆಗೊಂದು ವೋಟು, ಹಾಕುವವನು ಮನೆಯ ಯಜಮಾನ. ಅಧ್ಯಕ್ಷರು ಯಾರು, ಗೋಪುರ ಯಾವಾಗ, ಎಲ್ಲವೂ ಆ ವೋಟಿನಿಂದಲೇ ತೀರ್ಮಾನವಾಗುತ್ತಿತ್ತು. ಹನುಮಪ್ಪ ಬ್ರಹ್ಮಚಾರಿ. ಅವನು ಎಲ್ಲವನ್ನೂ ನೋಡುತ್ತಿದ್ದ.

ತಾರಿಣಿಗೆ ವೋಟು ಬಂದದ್ದು ಗಂಡ ತೀರಿಕೊಂಡ ವರ್ಷ. ಕರ್ಮಾಂತರ ಮುಗಿದು ತಿಂಗಳಾಗಿರಲಿಲ್ಲ, ಗುಡಿಯಿಂದ ಕಾಗದ ಬಂತು: ‘ಇನ್ನು ಮುಂದೆ ನಿಮ್ಮ ಸಂಸಾರದ ವೋಟು ನಿಮ್ಮ ಹೆಸರಿನಲ್ಲಿ.’ ಓದಿ ಅಡುಗೆಮನೆಯಲ್ಲಿ ಕೂತು ಅತ್ತಳು. ಗಂಡನನ್ನು ಕಳೆದುಕೊಂಡವಳಿಗೆ ಮಾತ್ರ ಸಿಗುವ ಹಕ್ಕು ಎಂಥ ಹಕ್ಕು? ಒಂಬತ್ತು ವರ್ಷ ಅದನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದು, ಐವತ್ತೆರಡನೆಯ ವಯಸ್ಸಿನಲ್ಲಿ ಅರ್ಜಿ ಬರೆದಳು. ಗಂಡಾಗಲಿ ಹೆಣ್ಣಾಗಲಿ, ಹದಿನೆಂಟು ತುಂಬಿದ ಪ್ರತಿಯೊಬ್ಬರಿಗೂ ಒಂದು ವೋಟು ಬೇಕು.

ಎದುರು ನಿಂತವನು ಕಾರ್ಯದರ್ಶಿ ಸುಬ್ಬು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು. ಗುಡಿಯ ನಿಯಮಗಳ ಕಡತವನ್ನು ಕಂಕುಳಲ್ಲೇ ಇಟ್ಟುಕೊಂಡು ಓಡಾಡುವವನು. ಜಗಳವಾಡಿ ಇಬ್ಭಾಗವಾದ ಸಂಘಗಳನ್ನು ಅವನು ಕಂಡಿದ್ದ. ಮನೆಯೊಳಗೇ ಎರಡು ಪಕ್ಷವಾದರೆ ಗುಡಿಯೂ ಒಡೆದೀತೆಂಬ ಭಯ ಅವನದು.

ಆ ಚಳಿಗಾಲ ತಾರಿಣಿಯ ಕಾರು ಐಸ್ ಮೇಲೆ ಜಾರಿ ಗುಜರಿ ಸೇರಿತು. ಎರಡು ಸಿಗ್ನಲ್ ಆಚೆಗೇ ಸುಬ್ಬುವಿನ ಮನೆ. ಹಾಗಾಗಿ ಪ್ರತಿ ಶನಿವಾರ ಇಬ್ಬರೂ ಒಂದೇ ಕಾರಿನಲ್ಲಿ ಗುಡಿಗೆ ಹೊರಡುವಂತಾಯಿತು, ದಾರಿಯುದ್ದಕ್ಕೂ ಜಗಳವಾಡುತ್ತ.

“ಸುಬ್ಬು ಅವ್ರೇ, ಇದೇ ನ್ಯೂಜೆರ್ಸಿಲಿ ಇನ್ನೂರು ವರ್ಷದ ಹಿಂದೆ ಆಸ್ತಿ ಇದ್ದ ವಿಧವೆಯರು ವೋಟ್ ಹಾಕ್ತಿದ್ರು. ಗಂಡ ಇದ್ದೋರಿಗೆ ಇರ್ಲಿಲ್ಲ. ನಿಮ್ಮ ರೂಲ್ ಥರಾನೇ.”

“ನೋಡಿ ಮತ್ತೆ, ಲೋಕಲ್ ಸಂಪ್ರದಾಯಾನ ನಮ್ಮೋರು ಎಷ್ಟು ಚೆನ್ನಾಗಿ ಪಾಲಿಸಿದಾರೆ!”

“ಆಮೇಲೆ ಅದನ್ನೂ ಕಿತ್ಕೊಂಡ್ರು. ವಾಪಸ್ ತಗೊಳ್ಳೋಕೆ ಹೆಂಗಸರಿಗೆ ನೂರು ವರ್ಷದ ಮೇಲೇ ಹಿಡೀತು. ಮೆರವಣಿಗೆ ಹೋದ್ರು, ಜೈಲಿಗೆ ಹೋದ್ರು. ನಾನಂತೂ ಅಷ್ಟು ದಿನ ಕಾಯಲ್ಲ.”

“ನನಗೂ ಅಷ್ಟು ದಿನ ಡ್ರೈವ್ ಮಾಡೋಕಾಗಲ್ಲ ತಾಯಿ.”

ಮಾರ್ಚಿನಲ್ಲಿ ಹೊಸ ಕಾರು ಬಂತು. ಆದರೂ ಶನಿವಾರ ಅದು ಮನೆಯಲ್ಲೇ ನಿಲ್ಲುತ್ತಿತ್ತು.

ಯುಗಾದಿಯ ದಿನ ಗುಡಿಯ ಪಾರ್ಕಿಂಗ್ ಲಾಟಿನಲ್ಲಿ, ಬೇವು-ಬೆಲ್ಲವನ್ನು ಅಂಗೈಯಲ್ಲಿಟ್ಟುಕೊಂಡೇ ಸುಬ್ಬು ಕೇಳಿದ: “ನಾವಿಬ್ರೂ ಮದುವೆ ಆಗೋಣ್ವಾ?”

ತಾರಿಣಿಯ ಮನಸ್ಸು ಆಗಲೇ ಹೂಂ ಎಂದಿತ್ತು. ಬಾಯಿ ಮಾತ್ರ ತಡೆಯಿತು.

“ಆದ್ರೆ ನಾವು ಒಂದೇ ಮನೆ. ಯಜಮಾನ ನೀವು. ಗಂಡ ಹೋದಾಗ ಬಂದ ವೋಟು, ಗಂಡ ಬಂದಾಗ ಹೋಗತ್ತೆ. ಕಟ್ಟಳೆ ಬದಲಾಗೋವರೆಗೂ ನಾನು ಹೂಂ ಅನ್ನಲ್ಲ.”

“ಅದಕ್ಕೋಸ್ಕರ ನಾನು ಅಭಿಪ್ರಾಯ ಬದಲಾಯಿಸ್ಕೊಳ್ಳೋನಲ್ಲ.”

“ಬದಲಾಯಿಸ್ಕೊಂಡಿದ್ರೆ ನೀವು ನನಗೆ ಇಷ್ಟ ಆಗ್ತಾನೇ ಇರ್ಲಿಲ್ಲ,” ಎಂದು ಬೇವು-ಬೆಲ್ಲ ಬಾಯಿಗೆ ಹಾಕಿಕೊಂಡಳು.

ತಾರಿಣಿ ಕೇಳಿದ್ದ ತಿದ್ದುಪಡಿ ಜೂನ್ ತಿಂಗಳ ಮಹಾಸಭೆಗೆ ಬರುವುದಿತ್ತು. ಗೆಲ್ಲಲು ಮೂರರಲ್ಲಿ ಎರಡು ಪಾಲು ವೋಟು ಬೇಕು, ಹಾಕುವವರು ಬಹುಪಾಲು ಗಂಡಸರೇ. ಅದು ಬಿದ್ದುಹೋಗುವುದು ಖಂಡಿತವೆಂದು ಎಲ್ಲರಿಗೂ ಗೊತ್ತಿತ್ತು. ಮೇ ತಿಂಗಳಲ್ಲೊಂದು ದಿನ ಗುಡಿಯ ಅಧ್ಯಕ್ಷ ಕೃಷ್ಣಸ್ವಾಮಿ ಎಲ್ಲರೆದುರು ಛೇಡಿಸಿದರು: “ಹೆಂಗಸರೆಲ್ಲ ಮೀಟಿಂಗಲ್ಲಿ ಕೂತ್ರೆ ಹನುಮಪ್ಪನಿಗೆ ನೈವೇದ್ಯ ಯಾರಮ್ಮ ಮಾಡೋರು?”

“ನೀವು,” ಎಂದಳು ತಾರಿಣಿ.

ಕೃಷ್ಣಸ್ವಾಮಿಯವರ ಹೆಂಡತಿ ಅಲಮೇಲಮ್ಮ ಹೂ ಕಟ್ಟುತ್ತಿದ್ದವರು ತಲೆಯೆತ್ತಲಿಲ್ಲ. “ಇವ್ರಾ? ಇವ್ರಿಗೆ ಸ್ಟೌ ಯಾವ ಕಡೆ ತಿರುಗತ್ತೆ ಅಂತಾನೂ ಗೊತ್ತಿಲ್ಲ.”

ಮುದುಕ ಕೃಷ್ಣಸ್ವಾಮಿಗೆ ರೋಷ ಬಂತು. “ಸಭೆ ದಿನ ಅಡುಗೆ ನಮ್ದೇ! ನೋಡ್ತಿರು!” ಅಂದಿನ ಸಂಜೆಯೊಳಗೆ ಇಪ್ಪತ್ತಮೂರು ಗಂಡಸರು ವಾಟ್ಸಾಪಿನಲ್ಲಿ ಹೆಸರು ಕೊಟ್ಟರು.

ಸಭೆಯ ದಿನ ಬೆಳಿಗ್ಗೆ ಅವರೆಲ್ಲ ಸ್ನಾನ ಮಾಡಿ, ಮಡಿಪಂಚೆಯುಟ್ಟು ಗುಡಿಯ ಅಡುಗೆಮನೆ ಹೊಕ್ಕರು. ಹುಳಿಯನ್ನ, ಕೋಸಂಬರಿ, ಸಜ್ಜಿಗೆ. ಹತ್ತೂವರೆಗೆ ಸಭೆಯ ಗಂಟೆ ಬಡಿಯಿತು. ಕೃಷ್ಣಸ್ವಾಮಿ ಸೌಟು ಹಿಡಿದೇ ಹೊಸ್ತಿಲಿಗೆ ಬಂದು, ಒಂದು ಕಾಲೆತ್ತಿ, ಹಾಗೆಯೇ ನಿಂತುಬಿಟ್ಟರು. ನೈವೇದ್ಯ ಹನ್ನೆರಡಕ್ಕೆ. ಅಲ್ಲಿಯವರೆಗೆ ಮಡಿಯಲ್ಲಿದ್ದವರು ಈಚೆ ಬರುವಂತಿಲ್ಲ, ಯಾರನ್ನೂ ಮುಟ್ಟುವಂತಿಲ್ಲ. ಬಂದರೆ ಅಡುಗೆಯೆಲ್ಲ ಮೈಲಿಗೆ.

ಮೂವತ್ತು ವರ್ಷ ಹೆಂಗಸರು ಆ ಹೊಸ್ತಿಲ ಒಳಗೇ ನಿಂತು ಸಭೆಯ ಗಂಟೆ ಕೇಳಿಸಿಕೊಂಡಿದ್ದರು. ಗಂಡಸರಿಗೆ ಅದು ಎಂದೂ ಹೊಳೆದಿರಲಿಲ್ಲ. ಗಂಡಸರು ಹೀಗೆ ಒಳಗೇ ಸಿಕ್ಕಿಬೀಳುತ್ತಾರೆಂದು ತಾರಿಣಿಗೂ ಆ ಬೆಳಿಗ್ಗೆಯವರೆಗೆ ಹೊಳೆದಿರಲಿಲ್ಲ. ಹೆಂಗಸರು ಒಮ್ಮೆಯಾದರೂ ಸಭೆಯಲ್ಲಿ ಕಾಣಿಸಿಕೊಳ್ಳಲಿ ಎಂದಷ್ಟೇ ಅವಳಿಗಿದ್ದುದು.

“ಏನಯ್ಯಾ ಸುಬ್ಬು! ಮೀಟಿಂಗ್ ಮುಂದಕ್ಕೆ ಹಾಕು!” ಎಂದು ಕೃಷ್ಣಸ್ವಾಮಿ ಕೂಗಿದರು.

ಸುಬ್ಬು ಮೈಕಿನ ಮುಂದೆ ಕಡತ ಬಿಚ್ಚಿದ. ಸಭೆ ಮುಂದೂಡಿದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ತಾರಿಣಿ ಅವನ ಮುಖವನ್ನೇ ನೋಡುತ್ತಿದ್ದಳು. ಅವನು ಹಾಳೆ ತಿರುವಿದ, ಒಂದು ಪುಟದಲ್ಲಿ ನಿಂತ, ಕನ್ನಡಕ ತೆಗೆದು ಒರೆಸಿಕೊಂಡ.

“ಇಲ್ಲೊಂದು ನಿಯಮ ಇದೆ. ಹೋಮಕ್ಕೆ ಕೂತಿದ್ದಕ್ಕೆ ಒಂದ್ಸಲ ನನ್ನ ವೋಟ್ ತಪ್ಪಿತ್ತು. ಆ ಸಿಟ್ಟಲ್ಲಿ ನಾನೇ ಬರೆಸಿದ್ದು. ಯಜಮಾನ ದೇವರ ಕೆಲಸದಲ್ಲಿದ್ರೆ, ಆ ಮನೆಯ ಇನ್ನೊಬ್ರು ವೋಟ್ ಹಾಕಬಹುದು.”

“ಲೋ, ಅದು ಹೋಮಕ್ಕೆ ಕಣೋ!”

“ನೈವೇದ್ಯಾನೂ ದೇವರ ಕೆಲಸಾನೇ ಸಾರ್. ಹೌದು ತಾನೇ?”

ಹೊಸ್ತಿಲಲ್ಲಿ ನಿಂತು ಅಲ್ಲವೆನ್ನಲು ಕೃಷ್ಣಸ್ವಾಮಿಗೆ ಧೈರ್ಯವಾಗಲಿಲ್ಲ. ಎದುರಿಗೇ ಹನುಮಪ್ಪನಿದ್ದ.

ಎಲ್ಲರಿಗಿಂತ ಮೊದಲು ಎದ್ದವರು ಅಲಮೇಲಮ್ಮ. ವಯಸ್ಸು ಎಪ್ಪತ್ತನಾಲ್ಕು. ಚೀಟಿ ಮಡಿಸಿ ಹಿತ್ತಾಳೆಯ ಕೊಳಗಕ್ಕೆ ಹಾಕಿದವರು, ಅಭ್ಯಾಸಬಲದಿಂದ ಕೈಯನ್ನು ಕಣ್ಣಿಗೊತ್ತಿಕೊಂಡರು. ಹಿಂದೆಯೇ ಇಪ್ಪತ್ತೆರಡು ಹೆಂಗಸರು. ತಾರಿಣಿಯೂ ಹೊರಗಿದ್ದ ಗಂಡಸರೂ ಹಾಕಿದರು. ಸುಬ್ಬು ಕೊನೆಯವನು.

ಐವತ್ತೆಂಟು ಚೀಟಿ. ಮೂವತ್ತೊಂಬತ್ತು ಬೇಕಿತ್ತು, ನಲವತ್ತೊಂದು ಬಂತು. ಸುಬ್ಬು ಫಲಿತಾಂಶ ಓದಿ, ಕಡತದಲ್ಲಿ ಬರೆದುಕೊಂಡ. ತಾರಿಣಿ ಕಂಬಕ್ಕೊರಗಿ ಕಣ್ಣು ಮುಚ್ಚಿದಳು. ಒಂಬತ್ತು ವರ್ಷದ ಹಿಂದಿನ ಆ ಕಾಗದ ಈಗ ಅವಳಿಗೆ ಹಗುರವಾಯಿತು. ಒಳಗಿನಿಂದ ಸಜ್ಜಿಗೆ ತಳಹಿಡಿದ ವಾಸನೆ ಬಂತು. ಅಂದು ಹನುಮಪ್ಪ ಅದನ್ನೂ ಸ್ವೀಕರಿಸಿದ.

ಊಟವಾದ ಮೇಲೆ ಕಾರಿನಲ್ಲಿ ಸುಬ್ಬು ಕೀ ತಿರುಗಿಸಲಿಲ್ಲ.

“ತಾರಿಣಿ ಅವ್ರೇ, ನಾನು ಯಾವ ಕಡೆ ಹಾಕಿದೆ ಅಂದ್ರೆ…”

“ಹೇಳ್ಬೇಡಿ. ಅದು ನಿಮ್ಮ ವೋಟು.”

“ಮದುವೆ ಆದ್ಮೇಲೂ?”

“ಆದ್ಮೇಲೂ. ನಂದು ನಿಮಗೆ ಹೇಳಲ್ಲ. ಡಿಸೆಂಬರ್ ಎಲೆಕ್ಷನ್ನಲ್ಲಿ ನಿಮ್ಮ ಎದುರೇ ನಿಲ್ತೀನಿ, ಕಾರ್ಯದರ್ಶಿ ಸ್ಥಾನಕ್ಕೆ.”

ಸುಬ್ಬು ಬಹಳ ಹೊತ್ತು ನಕ್ಕ. ಆಮೇಲೆ ಸಾವಕಾಶವಾಗಿ ಕೇಳಿದ: “ಅಂದ್ರೆ… ಹೂಂ ಅಂತಾನಾ?”

“ಹೂಂ,” ಎಂದು ತಾರಿಣಿ ಸೀಟ್ ಬೆಲ್ಟ್ ಹಾಕಿಕೊಂಡಳು.