ವರ್ಷವಿಡೀ ಸಂಕ್ರಾಂತಿ

ಉಮಾಶ್ರೀ ಅಲಮಾರಿಯ ತಳಕ್ಕೆ ಕೈ ಹಾಕಿ ಕೊನೆಯ ಸೀರೆಯನ್ನೂ ಎಳೆದಳು. ಅದೂ ಕರಿದೇ.

"ಒಂದರ ಬಣ್ಣದ್ದು ಇರಬಾರದಾ? ಊರ ಮಂದಿಗೆಲ್ಲ ಬಣ್ಣ ಮಾರಿದಾಕಿ!"

ಮಂಚದ ಮೇಲೆ ಸೀರೆಗಳ ರಾಶಿ ಬಿದ್ದಿತ್ತು. ಕಾಡಿಗೆಯ ಕಪ್ಪು, ನೇರಳೆ ಹಣ್ಣಿನ ಕಪ್ಪು, ಒಗೆದು ಒಗೆದು ಬೂದಿಗೆ ತಿರುಗಿದ ಕಪ್ಪು. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದ ಅಣ್ಣ ಶಿವರಾಜಪ್ಪ ತಂಗಿಯ ಕೈಯ ಸೀರೆಯನ್ನೇ ನೋಡುತ್ತಿದ್ದ. ಬಸ್ ಡಿಪೋದಲ್ಲಿ ಗುಮಾಸ್ತನಾಗಿದ್ದಷ್ಟು ಕಾಲವೂ ಆತ ಯಾರಿಗೂ ಎದುರಾಡಿದವನಲ್ಲ. ಈಗ ಶುರುಮಾಡಲು ಎಲ್ಲಿಂದ ಹಿಡಿಯಬೇಕೋ ತಿಳಿಯದು.

ಪಡಸಾಲೆಯಲ್ಲಿ ಆತನ ಹೆಂಡತಿ ಗುರಮ್ಮ ಗೋಡೆಗೆ ಒರಗಿ ಕೂತಿದ್ದಳು. ನಸುಕಿನಲ್ಲಿ ನಿದ್ದೆಯಲ್ಲೇ ಹೋದವಳನ್ನು, ಲಿಂಗಾಯತರ ಪದ್ಧತಿಯಂತೆ, ಕೂರಿಸಿಯೇ ಕಳಿಸಬೇಕಿತ್ತು. ಈ ಪದ್ಧತಿ ಅವಳಿಗೆ ಬಹಳ ಸೇರುತ್ತಿತ್ತು. "ಸತ್ತ ಮ್ಯಾಲೂ ಬಂದವರನ್ನ ನೋಡ್ಕೋತ ಕೂಡಬಹುದು" ಅನ್ನುತ್ತಿದ್ದಳು.

ಅವಳೆದುರಿನ ಗೋಡೆಗೆ ಉಮಾಶ್ರೀ ಬಂದ ಕೂಡಲೇ ಒಂದು ಚಾದರ ಕಟ್ಟಿಬಿಟ್ಟಿದ್ದಳು. ಅದರ ಹಿಂದೆ ಕೋರೆಹಲ್ಲು, ಕೆಂಪು ನಾಲಗೆ, ಗಿರಿಜಾ ಮೀಸೆಯ ರಾಕ್ಷಸ ಮುಖಗಳು ಸಾಲಾಗಿ ತೂಗುತ್ತಿದ್ದವು. ಕಟ್ಟುತ್ತಿರುವ ಮನೆಗೆ ದೃಷ್ಟಿಯಾಗದಿರಲೆಂದು ಹಾಕಿ, ವಾಸ್ತುಶಾಂತಿ ಮುಗಿದ ಮರುದಿನ ತಿಪ್ಪೆಗೆ ಎಸೆಯುವ ಮುಖಗಳು. ಗುರಮ್ಮ ಅವನ್ನು ಆರಿಸಿ ತಂದು, ತೊಳೆದು, ಮನೆಯಲ್ಲಿಟ್ಟುಕೊಂಡಿದ್ದಳು. ಸಾಲಿನ ಕೊನೆಗೆ ಖಾಲಿ ಮೊಳೆಯೊಂದಿತ್ತು. ಹೋದ ವಾರವಷ್ಟೇ ಅವಳೇ ಹೊಡೆದದ್ದು.

ಅವಳ ತಮ್ಮ ವೀರಭದ್ರ ಔರಾದದಿಂದ ಹಸಿರು ಸೀರೆ ತಂದಿದ್ದ. ಜರಿಯಂಚಿನದು. ಮುತ್ತೈದೆಯಾಗಿ ಸತ್ತವಳಿಗೆ ತವರಿನ ಹಸಿರು ಸಲ್ಲಬೇಕು.

"ಮಾಮಾ, ಶನಿ ಹರಕಿ ಇವತ್ತಿಗಿ ಮುಗೀತ್ರಿ," ಎಂದ ಅವನು, ಮೀಸೆಯ ತುದಿ ಒರೆಸಿಕೊಳ್ಳುತ್ತ. "ಇನ್ನ ಕರಿದು ತಗೀಬೇಕು. ನಮ್ಮಕ್ಕಗ ಇವತ್ತರ ಬಿಡುಗಡಿ ಆಗಲಿ."

ಶಿವರಾಜಪ್ಪ ಬಾಯಿ ತೆರೆದ. ಅಷ್ಟರಲ್ಲಿ ಹೆಂಗಸರು ಹಸಿರು ಸೀರೆಯ ಮಡಿಕೆ ಬಿಚ್ಚಿದ್ದರು.

*

ಮದುವೆಯಾದ ಮೊದಲ ಸಂಕ್ರಾಂತಿ. ಭಾಲ್ಕಿಯ ಮನೆಯಲ್ಲಿ ಅತ್ತೆ ಕಾಂತಾಬಾಯಿ, ಆ ಕಡೆಯ ಮರಾಠಿ ಮನೆಗಳ ರೂಢಿಯಂತೆ, ಹೊಸ ಸೊಸೆಗೆ ಕರಿ ಚಂದ್ರಕಳಾ ಸೀರೆ ಉಡಿಸಿ, ಕುಸುರೆಳ್ಳು ಪೋಣಿಸಿದ ಸರ, ಬಳೆ, ಓಲೆ ತೊಡಿಸಿದಳು. ಕರಿದು ಶುಭವಾಗುವುದು ವರ್ಷಕ್ಕೆ ಅದೊಂದೇ ದಿನ. ಸಂಜೆ ಕರೆಂಟು ಹೋಯಿತು. ಅಂಗಳದ ಕತ್ತಲೆಯಲ್ಲಿ ಗುರಮ್ಮ ಪೂರಾ ಕರಗಿಹೋಗಿ, ಬಿಳಿ ಸಕ್ಕರೆಯ ಸರ, ಬಳೆ, ಓಲೆ ಮಾತ್ರ ತಾವಾಗಿಯೇ ತೇಲಾಡುವುದನ್ನು ಶಿವರಾಜಪ್ಪ ಕಂಡ. ಒಂದು ಗಳಿಗೆ ಹೆದರಿದ. ಆಮೇಲೆ ಇಡೀ ಜನ್ಮದಲ್ಲಿ ಅಷ್ಟು ಚಂದದ್ದು ನೋಡಿಲ್ಲ ಅನ್ನಿಸಿತು.

"ಹೆದರಿದ್ರ್ಯಾ?" ಎಂದು ಕತ್ತಲೆ ನಕ್ಕಿತು. "ನನಗ ಇದರಾಗ ಭಾಳ ಛಲೋ ಅನ್ಸಲಿಕತ್ತದ ನೋಡ್ರಿ."

ಕುಸುರೆಳ್ಳನ್ನು ಇರುವೆಗಳು ಒಯ್ದವು. ಸೀರೆಯನ್ನು ಅವಳು ಬಿಡಲಿಲ್ಲ. ಯುಗಾದಿಗೂ ಕರಿದು, ನಾಗಪಂಚಮಿಗೂ ಕರಿದು. ಓಣಿಯ ಬಾಯಿ ತೆರೆಯಿತು. ಆಗ ಕಾಂತಾಬಾಯಿ, ಜನ್ಮದಲ್ಲಿ ಶನಿಯ ಗುಡಿಯ ಕಟ್ಟೆ ಹತ್ತದವಳು, ಬಾವಿಕಟ್ಟೆಯಲ್ಲಿ ನಿಂತು ಸಾರಿದಳು: "ನಮ್ಮ ಸೊಸಿದು ಶನಿ ಹರಕಿ ಅದ. ಬಾಯಿ ಮಾಡಿದವರಿಗಿ ಏಳೂವರಿ ವರ್ಷ ಕಾಡ್ತಾನ ನೋಡ್ರಿ." ಓಣಿ ಬಾಯಿ ಮುಚ್ಚಿತು. ಮನೆಗೆ ಬಂದು ಸೊಸೆಗೆ, "ಉಡು ಗುರವ್ವಾ. ಸಂಕ್ರಾಂತಿ ನಿನಗ ವರ್ಷಾಪೂರ್ತಿ ಇರಲಿ," ಎಂದಳು.

*

ಹಸಿರು ಉಡಿಸಿ, ಅರಿಷಿಣ, ವಿಭೂತಿ ಬಳಿದು, ಬಳೆ ಏರಿಸಿದ್ದಾಗಿತ್ತು. ಊದಿನಕಡ್ಡಿಯ ಹೊಗೆಯಲ್ಲಿ ಹೆಂಗಸರು ಸರದಿಯಲ್ಲಿ ಬಂದು ಮುತ್ತೈದೆಯ ಕುಂಕುಮ ತಗೊಂಡರು. ಮೂಲೆಯಲ್ಲಿ ಭಜನೆಯವರು ಮೆಲ್ಲಗೆ ತಾಳ ಹಾಕುತ್ತಿದ್ದರು. ತಾಳದ ನಡುವೆ ಮಾತು.

"ಎದ್ಯಾಗ ಏನೋ ದುಃಖ ಇತ್ತರಿ ಆಕಿಗಿ."

"ದುಃಖ ಎಲ್ಲಿದು? ರವಿವಾರ ಬುತ್ತಿ ಕಟ್ಕೊಂಡು ಅಷ್ಟೂರ ಗುಮ್ಮಟಕ್ಕ ಹೋಗಾಕಿ. ನಾವು ಮದವಿಗಿ ಹೋದಂಗ, ಆಕಿ ಗೋರಿಗಿ."

"ಬಾವಲಿಗಿ ಹೆಸರಿಟ್ಟಿದ್ದಳಂತ."

"ಒಂದಕ್ಕ ನನ್ನ ಹೆಸರಿತ್ತು," ಎಂದಳು ಪಕ್ಕದ ಮನೆಯ ಮರಿಯಮಬೀ, ಹೆಮ್ಮೆಯಿಂದ. ಬಜಾರಿನಲ್ಲಿ ಗುರಮ್ಮನ ರವಿಕೆ ಬಟ್ಟೆಯ ಮ್ಯಾಚಿಂಗ್ ಸೆಂಟರಿನ ಮಗ್ಗುಲಲ್ಲೇ ಅವಳ ಬಳೆ ಅಂಗಡಿ. "ನನ್ನ ಮಗಳ ನಿಕಾಹದ ಗುಲಾಬಿ ಬಣ್ಣ ಆಕಿನೇ ಆರಿಸಿದ್ದು. ಕಣ್ಣು ಭಾಳ ಛಲೋ. ತನಗ ಮಾತ್ರ ಬ್ಯಾಡ."

ಶಿವರಾಜಪ್ಪ ಹೆಂಡತಿಯೆದುರು ಕೂತು ನೋಡಿದ. ಯಾರೋ ಕೂತಿದ್ದರು. ಮದುವೆ ಮನೆಯಲ್ಲಿ ಪಂಕ್ತಿಯ ಆಚೆ ಕಂಡು ಮರೆಯುವಂಥ ಒಬ್ಬ ಹೆಂಗಸು. ಆತ ಕಣ್ಣು ಮುಚ್ಚಿ ತೆರೆದ, ಮತ್ತೆ ನೋಡಿದ. ಒಂದು ಹನಿಯೂ ಬರಲಿಲ್ಲ.

"ಅಳ್ರಿ ಅಣ್ಣಾರ, ಹಗುರ ಆಗ್ತದ," ಎಂದಳು ಉಮಾಶ್ರೀ.

*

ಅಷ್ಟೂರಿನ ಗುಮ್ಮಟದೊಳಗೆ ಮಧ್ಯಾಹ್ನ ಯಾವಾಗಲೂ ನೀರಿನಡಿಯ ಮಧ್ಯಾಹ್ನದಂತಿರುತ್ತಿತ್ತು. ಸಣ್ಣ ಸದ್ದೂ ಮೇಲೆ ಹೋಗಿ ಸುತ್ತಾಡಿ, ಮೆತ್ತಗಾಗಿ ಇಳಿದು ಬರುತ್ತಿತ್ತು. ಒಂದು ರವಿವಾರ ರೊಟ್ಟಿ, ಶೇಂಗಾ ಹಿಂಡಿ ತಿಂದು ಗುರಮ್ಮ ಗಂಡನ ಮಗ್ಗುಲಿಗೆ ತಂಪು ನೆಲದ ಮೇಲೆ ಅಡ್ಡಾಗಿದ್ದಳು.

"ನಾ ಹೋದ ಮ್ಯಾಲ ಹಸಿರು ಉಡಸ್ಗೊಡಬ್ಯಾಡ್ರಿ."

"ಅದೇನ್ ಮಾತು?"

"ಹಸಿರು ಉಟ್ರ ನಿಮಗ ನನ್ನ ಗುರ್ತ ಹತ್ತಂಗಿಲ್ಲ. ಯಾರದೋ ಹೆಣಂತ ತಿಳ್ಕೊಂಡು ಅಳದ ಕೂಡ್ತೀರಿ. ಮಂದಿ ಏನಂದಾರು?"

ಆತ ಹೂಂ ಅಂದ. ಗುಮ್ಮಟ ಆ ಹೂಂ ಅನ್ನು ಎತ್ತಿಕೊಂಡು, ಸಾಕ್ಷಿ ಹೇಳುವಂತೆ ಮತ್ತೆ ಮತ್ತೆ ಅಂದಿತು.

*

"ಹರಕಿ ಇರಲಿಲ್ಲ."

ತಾಳ ನಿಂತಿತು. ಯಾರು ಮಾತಾಡಿದರೆಂದು ಶಿವರಾಜಪ್ಪನೂ ಉಳಿದವರೊಡನೆ ಸುತ್ತ ನೋಡಿದ. ತಾನೇ.

"ಏನಂದ್ರಿ ಮಾಮಾ?"

"ಶನಿದೂ ಇಲ್ಲ, ಮತ್ಯಾರದೂ ಇಲ್ಲ. ನಮ್ಮವ್ವ ಕಟ್ಟಿದ ಮಾತದು. ಆಕಿಗಿ ಕರಿದು ಸೇರ್ತಿತ್ತು. ಉಟ್ಟಳು. ಅಷ್ಟ."

"ಇಷ್ಟ ವರ್ಷ ಸುಮ್‌ಸುಮ್ನ?" ವೀರಭದ್ರನ ಧ್ವನಿ ಒಡೆಯಿತು. ದುಃಖವಿದ್ದರೆ, ಹರಕೆಯಿದ್ದರೆ ಅವನು ತಡೆದುಕೊಳ್ಳುತ್ತಿದ್ದ.

"ಸುಮ್‌ಸುಮ್ನ. ನೀ ಮೀಸಿ ಬಿಟ್ಟೀದಿ. ಯಾಕಂತ ಯಾರರ ಕೇಳ್ಯಾರೇನು?"

ಮರಿಯಮಬೀ ಸೆರಗು ಬಾಯಿಗೆ ಒತ್ತಿಕೊಂಡಳು. ವೀರಭದ್ರ ಕ್ರಿಯೆಗೆ ಬಂದಿದ್ದ ಅಯ್ಯನವರತ್ತ ತಿರುಗಿದ. "ನೀವರ ಹೇಳ್ರಿ. ಮುತ್ತೈದಿಗಿ ಕರಿದು ಉಡಸಿ ಕಳಸೂದು ಶುಭ ಏನ್ರೀ?"

ಅಯ್ಯನವರು ಗುರಮ್ಮನ ಎಡಗೈಯಲ್ಲಿ ಆಗಷ್ಟೇ ಇಟ್ಟ ಇಷ್ಟಲಿಂಗವನ್ನು ನೋಡುತ್ತಿದ್ದರು. "ಇದು ಯಾವ ಬಣ್ಣ ಅದಪ್ಪ?"

ವೀರಭದ್ರ ನೋಡಿದ. ಅಂಗೈಯೊಳಗೆ ಲಿಂಗ ಕಾಡಿಗೆಯಂತೆ ಕಪ್ಪಗೆ ಹೊಳೆಯುತ್ತಿತ್ತು.

ಅಕ್ಕನ ಹಸಿರು ಸೆರಗಿನ ಜರಿ ಮುಟ್ಟಿ ಅವನೆಂದ, "ತವರಮನಿ ಸೀರಿ ಹೊಳ್ಳಿ ಒಯ್ಯಲೇನು? ನಾ ಔರಾದದಾಗ ಹ್ಯಾಂಗ ಮಾರಿ ತೋರಸಲಿ?"

"ಒಯ್ಯಬ್ಯಾಡ ತಮ್ಮಾ," ಶಿವರಾಜಪ್ಪ ಅವನ ಹೆಗಲ ಮೇಲೆ ಕೈಯಿಟ್ಟ. "ಅಕ್ಕನ ಕೆಳಗ ಹಾಸು. ಭಾಳ ಹೊತ್ತು ಕೂಡೂದದ ಆಕಿ."

ರಾಶಿಯ ಅಡಿಯಿಂದ ಚಂದ್ರಕಳಾ ಸೀರೆ ತೆಗೆದದ್ದು ಉಮಾಶ್ರೀಯೇ. ಗಂಡಸರನ್ನು ಹೊರಗೆ ಕಳಿಸಿ, ಮತ್ತೆ ಬಾಗಿಲು ತೆರೆದಾಗ ಶಿವರಾಜಪ್ಪ ಒಳಗೆ ಒಂದು ಹೆಜ್ಜೆ ಇಟ್ಟು ನಿಂತುಬಿಟ್ಟ. ಗುರ್ತು ಹತ್ತಿತು. ವೀರಭದ್ರನ ಹೆಗಲಿಗೆ ಮುಖವಿಟ್ಟು ಅತ್ತ.

ಕುಣಿಯೊಳಗೆ ಮಡಿಸಿದ ಹಸಿರನ್ನು ತಮ್ಮನೇ ಇಳಿದು ಹಾಸಿದ, ಸುಕ್ಕು ತೀಡಿದ. ಅವಳನ್ನು ಕೂರಿಸಿ ಮೇಲಿನಿಂದ ವಿಭೂತಿ ಸುರಿದಾಗ ಕರಿ ಸೀರೆಯ ಮೇಲೆ ಬಿಳಿ ಕಾಳು ಕಾಳಾಗಿ ನಿಂತಿತು. ಕುಸುರೆಳ್ಳೇ, ಅಂದುಕೊಂಡ ಶಿವರಾಜಪ್ಪ.

ಸಂಜೆ ಬಾಗಿಲಲ್ಲಿ ರಿಜ್ವಾನ ಬಂದು ನಿಂತ. ಮನೆ ಕಟ್ಟುವ ಗೌಂಡಿ. ಕಮಲನಗರದ ಕಡೆ ಕೆಲಸಕ್ಕೆ ಹೋದವನಿಗೆ ಸುದ್ದಿ ಮುಟ್ಟಿರಲಿಲ್ಲ. ಕಂಕುಳಲ್ಲಿ ಸಿಮೆಂಟಿನ ಚೀಲದಲ್ಲಿ ಸುತ್ತಿದ ಗಂಟು.

"ವಾಸ್ತು ನಿನ್ನೆ ಮುಗೀತ್ರಿ. ಗುರಮ್ಮಬಾಯಿಯವರು ಮಾರಿ ತಿಪ್ಪಿಗಿ ಒಗೀಬ್ಯಾಡಂದಿದ್ರು..." ಎಂದವನು ಪಡಸಾಲೆಯ ದೀಪ ಕಂಡು ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಚಾಚಿದ.

ಶಿವರಾಜಪ್ಪ ಚೀಲ ಬಿಚ್ಚಿದ. ಹೆಗಲ ಟವೆಲ್ಲಿನಿಂದ ಕೋರೆಹಲ್ಲಿನ ಸಿಮೆಂಟು ಒರೆಸಿದ. ಗೋಡೆಯ ಚಾದರ ಎಳೆದು, ಖಾಲಿ ಮೊಳೆಗೆ ಮುಖವನ್ನು ತೂಗುಹಾಕಿ, ಅವಳಂತೆ ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಒಂಚೂರು ಎಡಕ್ಕೆ ಸರಿಮಾಡಿದ. ಸಾಲಿಗೆ ಸಾಲೇ ಕಣ್ಣರಳಿಸಿ ಎದುರು ಗೋಡೆಯನ್ನು ನೋಡುತ್ತಿತ್ತು. ಅಲ್ಲಿ, ಅವಳ ತಲೆ ಒರಗಿದ್ದ ಎತ್ತರದಲ್ಲಿ, ಒಂದಿಷ್ಟು ವಿಭೂತಿ ಅಂಟಿಕೊಂಡಿತ್ತು.