ಎಡಗೆನ್ನೆ

ಕುಲುಮೆಯ ಕೆಂಪು ತಗಡಿನ ಮೇಲೆ ಹರಿದು ದೇವಿಯ ಕೆನ್ನೆಯ ಗುಳಿಯಲ್ಲಿ ಒಂದು ಗಳಿಗೆ ನಿಂತಿತು, ಅಲ್ಲೇ, ಹೆಂಡತಿ ತಮಿತ್ ನಕ್ಕಾಗ ಗುಳಿ ಬೀಳುತ್ತಿದ್ದ ಜಾಗದಲ್ಲೇ, ಅಕ್ಕಸಾಲಿ ನೆಬ್ಸೆನಿಯ ಹೆಬ್ಬೆರಳು ತಾನಾಗಿ ಅಲ್ಲಿಗೆ ಹೋಯಿತು, ತಣ್ಣಗಿದೆ, ಚಿನ್ನ ಅಂದರೆ ಅಷ್ಟೇ — ಪ್ತಾಹ್ ದೇವರ ಮೂರ್ತಿ ಇಡುವ ಗೂಡಿಗೆ ಎರಡು ಬಾಗಿಲು, ಎರಡರ ಚಿನ್ನದ ತಗಡಿನ ಮೇಲೂ ರೆಕ್ಕೆ ಬಿಚ್ಚಿದ ನೆಫ್ತಿಸ್ ದೇವಿ, ಎದುರುಬದುರು, ಒಬ್ಬಳು ಮುಗಿದಿದ್ದಾಳೆ, ಬಲಗೆನ್ನೆ ತೋರುವವಳು, ಸತ್ತ ಹೆಂಡತಿಯ ಮುಖವನ್ನೇ ಅವಳಿಗೆ ಕೊಟ್ಟಿದ್ದಾನೆ, ಯಾರಿಗೂ ಹೇಳಿಲ್ಲ, ಇನ್ನೊಬ್ಬಳಿಗೆ ಎಡಗೆನ್ನೆ ಬೇಕು. ನಾಳೆ ಗೂಡು ಗರ್ಭಗುಡಿಗೆ ಹೋದರೆ ಮುಗಿಯಿತು, ಪೂಜಾರಿಯ ಹೊರತು ಯಾರೂ ನೋಡುವಂತಿಲ್ಲ, ಮಾಡಿದವನೂ ನೋಡುವಂತಿಲ್ಲ, ಅಷ್ಟರೊಳಗೆ ನೆನಪಾಗಬೇಕು, ಎಡಗೆನ್ನೆಯಲ್ಲಿ ಗುಳಿ ಇತ್ತೋ ಇಲ್ಲವೋ.

ಮೇಸ್ತ್ರಿ ಪಾಸೆರ್ ಬೆಳಗ್ಗೆ ಈರುಳ್ಳಿ ಕಡಿಯುತ್ತಾ ಬಂದು ಇಣುಕಿದ್ದ, ಏನ್ ಮಾವ, ಎರಡ್ನೇ ತಗಡು ಇನ್ನೂ ಅರಗಿನ ಮೇಲೆ ಹಂಗೇ ಕೂತದೆ, ಮುಗ್ದಿರೋದನ್ನೇ ನೋಡ್ಕೊಂಡು ಇದನ್ನ ತಿರುವಿ ಬಡಿ, ದೇವ್ರಿಗೆ ಎಡ ಬೇರೆ ಬಲ ಬೇರೆನಾ. ಅವನು ಹೋದ ಮೇಲೆ ನೆಬ್ಸೆನಿ ಮುಗಿದ ತಗಡನ್ನು ಬೋರಲು ಹಾಕಿ ನೋಡಿದ, ಹೌದು, ಹಿಂಬದಿಯಲ್ಲಿ ಮುಖ ಬೇಕಾದ ಕಡೆಗೇ ತಿರುಗಿದೆ, ಆದರೆ ಮೂಗು ಹಳ್ಳ, ಹಣೆ ಹಳ್ಳ, ಗುಳಿ ಮಾತ್ರ ನರೂಲಿಯ ಹಾಗೆ ಎದ್ದು ನಿಂತಿದೆ, ತಮಿತ್ ಇದ್ದಿದ್ದರೆ ಬಿಡುತ್ತಿದ್ದಳೇ, ಅಷ್ಟು ವರ್ಷ ಬಾಳ್ವೆ ಮಾಡಿದ್ದಕ್ಕೆ ನರೂಲಿ ಇಟ್ಯಾ ನಂಗೆ — ಅವಳು ಯಾವಾಗಲೂ ಅವನ ಎಡಕ್ಕೆ ಕೂತು ಊದುಕೊಳವೆ ಹಿಡಿಯುತ್ತಿದ್ದಳು, ಉಸಿರು ತುಂಬಿದಾಗ ಗುಳಿ ಮಾಯ, ಊದಿ ಊದಿ ಕಪ್ಪೆ ಆಗ್ಬಿಡ್ತೀನಿ ಕಣೋ, ನಕ್ಕರೆ ಗುಳಿ ಮತ್ತೆ ಹಾಜರು, ಓರೆಗಣ್ಣಿಗೆ ಕಂಡದ್ದು ಸದಾ ಅದೊಂದೇ ಬಲಗೆನ್ನೆ. ಊಟಕ್ಕೆ ಎದುರಿಗೇ ಕೂರುತ್ತಿದ್ದಳಲ್ಲ, ಕೂರುತ್ತಿದ್ದಳು, ಆಗ ಇವನ ಕಣ್ಣು ರೊಟ್ಟಿಯ ಮೇಲೆ. ಪಕ್ಕದ ಮನೆಯ ಮುದುಕಿಯನ್ನು ಕೇಳಲೇ, ಅಮ್ಮಾ, ನನ್ನ ಹೆಂಡತಿಯ ಎಡಗೆನ್ನೆ ಹೇಗಿತ್ತು, ಥೂ, ಯಾವ ಮುಖ ಇಟ್ಟುಕೊಂಡು ಕೇಳುವುದು, ಈ ಊರಲ್ಲಿ ತನ್ನಷ್ಟು ಒಂಟಿ ಯಾರೂ ಇಲ್ಲ, ಮನೆಯಲ್ಲಿ ಅವಳಿಲ್ಲ, ನೆನಪಿನಲ್ಲೂ ಅರ್ಧವೇ ಇದ್ದಾಳೆ.

ಉಳಿಯನ್ನು ತಗಡಿನ ಮೇಲಿಟ್ಟ, ತೆಗೆದ, ಮತ್ತೆ ಇಟ್ಟ, ಮಾತಿನ ನಡುವೆ ನಕ್ಕಾಗ, ಹಾಸಿಗೆಯಲ್ಲಿ, ಜ್ವರದಲ್ಲಿ, ಎಲ್ಲೋ ಒಂದು ಕಡೆ ಕಂಡೇ ಇರಬೇಕು, ಅವಳನ್ನು ಹೂಳುವ ಹೊಂಡದ ಹತ್ತಿರ, ಹೌದು, ಅಲ್ಲಿ ಹೊದಿಕೆ ಸರಿಸಿದ್ದರು, ಇನ್ನೊಂದ್ಸಲ ನೋಡ್ಕೊಂಡ್ಬಿಡಪ್ಪ ಅಂದಿದ್ದರು, ಇವನಿಗೋ ಅವಳನ್ನು ಸರಿಯಾಗಿ ಮಲಗಿಸುವ ಚಿಂತೆ, ತಲೆ ಬಡಗಣಕ್ಕೆ, ಮುಖ ಮೂಡಣಕ್ಕೆ, ಹುಟ್ಟುವ ಸೂರ್ಯ ಕಾಣಬೇಕಲ್ಲ ಅವಳಿಗೆ, ಬಿಡ್ರೋ, ನಾನೇ ಮಲಗಿಸ್ತೀನಿ — ಕುತ್ತಿಗೆಯ ಕೆಳಗೆ ಕೈಯಿಟ್ಟು, ಮೆಲ್ಲಗೆ, ಎಡಮಗ್ಗುಲಿಗೆ ಹೊರಳಿಸಿದ್ದ, ಎಡಗೆನ್ನೆ ಚಾಪೆಗೆ ಒತ್ತಿತು, ಎಡಗೆನ್ನೆ ಚಾಪೆಗೆ, ತನ್ನದೇ ಕೈ, ಎಡಗೆನ್ನೆ ಚಾಪೆಗೆ